ಬಯಲಿಗೆ ಬೇಲಿ ಏಕೆ?

ಈ ಸಲ ನಮ್ಮೂರ ಉತ್ಸವದಲ್ಲಿ ದೊಡ್ಡಾಟದ ಏರ್ಪಾಡಾಗಿತ್ತು. ಪ್ರವೇಶ ಉಚಿತವೆಂದು ಗೋಡೆಗೋಡೆಗೂ ಕಾಗದ ಅಂಟಿಸಿದ್ದರು. ಅದನ್ನು ನಂಬಿ ನಾವು ನಮ್ಮ ಸಂಘದ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆವು. ಮೂವತ್ತು ವರ್ಷ ಗಿರಣಿಯ ನೇಯ್ಗೆ ಖಾತೆಯಲ್ಲಿ ದುಡಿದವರು. ಮಗ್ಗಗಳ ಸದ್ದು ಅವರ ಕಿವಿಯನ್ನು ತಿಂದಿದೆ. ಮೊಣಕಾಲು ಮಡಚಲು ಬಾರದು. ಪ್ರಾಯದಲ್ಲಿ ತಮ್ಮ ಹಳ್ಳಿಯ ಆಟದಲ್ಲಿ ಭೀಮನ ವೇಷ ಕಟ್ಟಿದವರು.

ಮೈದಾನದಲ್ಲಿ ಬೊಂಬಿನ ಬೇಲಿ. ಬೇಲಿಯೊಳಗೆ ಪಾಸಿನವರಿಗೆ ಸೋಫಾ, ಕುರ್ಚಿ. ನಮ್ಮನ್ನು ಬೇಲಿಯ ಹಿಂದಕ್ಕೆ, ರಂಗದಿಂದ ಐವತ್ತು ಮಾರು ದೂರಕ್ಕೆ ಕಳಿಸಿದರು. ಹಿರಿಯರು ಅರ್ಧ ಗಂಟೆ ಕೋಲೂರಿ ನಿಂತರು. ಮಾತು ಕೇಳಿಸಲಿಲ್ಲ, ಕುಣಿತ ಕಾಣಿಸಲಿಲ್ಲ. "ನಡೀರಿ ಮಾಸ್ತರ, ಇದು ನಮ್ಮಂಥಾವರ ಆಟ ಅಲ್ಲ" ಎಂದು ಮನೆಗೆ ಹೊರಟರು. ಆಗ ಮುಂದಿನ ಸಾಲಿನ ಸೋಫಾಗಳಲ್ಲಿ ಅರ್ಧ ಖಾಲಿ ಇದ್ದವು.

ಇದು ಒಬ್ಬರ ಗೋಳಲ್ಲ. ಉತ್ಸವದ ಚಂದಾ ಎತ್ತಲು ಅಂಗಡಿ ಅಂಗಡಿಗೂ ಬಂದವರು ಪಾಸು ಹಂಚುವಾಗ ಎಷ್ಟು ಅಂಗಡಿಗೆ ಬಂದರು? ಬೀಡಾ ಅಂಗಡಿಯವನೂ ತರಕಾರಿ ಗಾಡಿಯವಳೂ ಕೊಟ್ಟ ಹಣದಿಂದಲೇ ಆ ಬೇಲಿಯನ್ನು ಹಾಕಿದ್ದಾರೆ.

ಬಯಲಾಟವೆಂಬ ಹೆಸರಿನಲ್ಲಿಯೇ ಅದರ ನೀತಿ ಇದೆ. ಬಯಲಿನಲ್ಲಿ ಅಟ್ಟ ಕಟ್ಟಿ, ಊರ ಜನರೇ ವೇಷ ಹಾಕಿ, ಊರ ಜನರೇ ನೋಡುವ ಆಟ ಅದು. ಕರಾವಳಿಯ ಹರಕೆಯ ಆಟವನ್ನು ನೋಡಿರಿ. ಹರಕೆ ಹೊತ್ತವರು ಮೇಳಕ್ಕೆ ಹಣ ಕೊಡುತ್ತಾರೆ; ಬಂದವರೆಲ್ಲ ಪುಕ್ಕಟೆ ನೋಡುತ್ತಾರೆ. ಪಟ್ಟಣದಲ್ಲಿ ಆ ಹರಕೆಯನ್ನು ಹೊರಬೇಕಾದುದು ನಗರಸಭೆ. ನಮ್ಮ ಕಂದಾಯ ತೆಗೆದುಕೊಳ್ಳುವ ಸಂಸ್ಥೆಗೆ ಇದು ಉಪಕಾರವಲ್ಲ, ಕರ್ತವ್ಯ.

ಆದರೆ ಹಳೆಯದನ್ನೆಲ್ಲ ಹೊಗಳುತ್ತ ಕೂರುವವರು ನಾವಲ್ಲ. ಅನೇಕ ಊರುಗಳಲ್ಲಿ ದಲಿತ ಕೇರಿಯವರು ದೂರ ನಿಂತೇ ಆಟ ನೋಡಬೇಕಾಗಿತ್ತು. ಆಗ ಜಾತಿಯ ಗೆರೆ ಇತ್ತು, ಈಗ ಪಾಸಿನ ಬೇಲಿ ಬಂದಿದೆ. ಬಯಲಿನಲ್ಲಿ ನಡೆದ ಮಾತ್ರಕ್ಕೆ ಆಟ ಎಲ್ಲರದಾಗುವುದಿಲ್ಲ.

ಉಚಿತವೆಂದ ಮಾತ್ರಕ್ಕೂ ಆಗುವುದಿಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜೋಸೆಫ್ ಪ್ಯಾಪ್ ಎಂಬ ನಾಟಕಕಾರ್ಯಕರ್ತರು ಸೆಂಟ್ರಲ್ ಪಾರ್ಕಿನ ಬಯಲಿನಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಪುಕ್ಕಟೆ ಆಡಿಸುತ್ತಿದ್ದರು. 1959ರಲ್ಲಿ ಉದ್ಯಾನಗಳ ಮುಖ್ಯಾಧಿಕಾರಿ ರಾಬರ್ಟ್ ಮೋಸೆಸ್, ಜನ ಸೇರಿ ಹುಲ್ಲು ಹಾಳಾಗುತ್ತದೆ, ಆ ಖರ್ಚಿಗಾಗಿ ಟಿಕೆಟ್ಟು ಇಡಿ ಎಂದು ಪಟ್ಟು ಹಿಡಿದರು. ಪ್ಯಾಪ್ ಕೋರ್ಟಿಗೆ ಹೋದರು. ಮೇಲಿನ ಕೋರ್ಟಿನಲ್ಲಿ ಗೆದ್ದರು. 1962ರಲ್ಲಿ ಅದೇ ಪಾರ್ಕಿನಲ್ಲಿ ಡೆಲಾಕೋರ್ಟ್ ಬಯಲು ರಂಗಮಂದಿರ ತೆರೆಯಿತು. ಬಂಡವಾಳಶಾಹಿಯ ರಾಜಧಾನಿಯಲ್ಲಿಯೂ ಜನ ಪಟ್ಟು ಹಿಡಿದರೆ ಇಷ್ಟಾಗುತ್ತದೆ. ಆದರೆ ಅಲ್ಲಿಯೂ ಉಚಿತ ಟಿಕೆಟ್ಟಿಗಾಗಿ ಜನ ಗಂಟೆಗಟ್ಟಲೆ ಸರತಿ ನಿಲ್ಲುತ್ತಾರೆ. ದಿನಗೂಲಿಯವನಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು?

ಆದುದರಿಂದ ಯಾರು ಬರಬಹುದು ಎಂದು ಕೇಳಿದರೆ ಸಾಲದು. ಯಾರು ಬರಲಾಗಲಿಲ್ಲ ಎಂದು ಲೆಕ್ಕ ಹಾಕಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕಿಂತ ಹೆಚ್ಚು. ಅವರ ಹಕ್ಕುಗಳಿಗಾಗಿ 2016ರಲ್ಲಿ ಆದ ಕಾನೂನಿನ 29ನೆಯ ಕಲಮು, ಅವರು ಕಲೆ ಮತ್ತು ಮನರಂಜನೆಯಲ್ಲಿ ಇತರರಂತೆ ಭಾಗವಹಿಸಲು ಏರ್ಪಾಡು ಮಾಡುವ ಹೊಣೆಯನ್ನು ಸರ್ಕಾರದ ಮೇಲೆಯೂ ಸ್ಥಳೀಯ ಸಂಸ್ಥೆಗಳ ಮೇಲೆಯೂ ಹೊರಿಸಿದೆ. ನಗರಸಭೆ ಸ್ಥಳೀಯ ಸಂಸ್ಥೆಯಲ್ಲವೇ?

ನಾವು ಕೇಳುವುದು ಇಷ್ಟು. ಮೊದಲನೆಯದು, ಪಾಸು ರದ್ದಾಗಲಿ. ಮುಂದಿನ ಸಾಲು ಕಿವಿ ಮಂದವಾದವರಿಗೆ, ಕಣ್ಣು ಮಂಜಾದವರಿಗೆ, ಕಾಲಿಲ್ಲದವರಿಗೆ, ಬಸುರಿ ಬಾಣಂತಿಯರಿಗೆ ಮೀಸಲಾಗಲಿ. ಗಾಲಿ ಕುರ್ಚಿ ನಿಲ್ಲಲು ಅಲ್ಲಿ ಸಮತಟ್ಟಾದ ಜಾಗವಿರಲಿ. ಬಾಗಿಲಿನಿಂದ ಅಲ್ಲಿಯವರೆಗೆ ಗಾಲಿ ಹೂಳದಂತೆ ಗಟ್ಟಿ ದಾರಿಯಿರಲಿ.

ಎರಡನೆಯದು, ಕಿವುಡರಿಗಾಗಿ ರಂಗದ ಬದಿಯಲ್ಲಿ, ಬೆಳಕು ಬೀಳುವ ಕಡೆ, ಕೈಸನ್ನೆಯಲ್ಲಿ ಮಾತು ತಿಳಿಸುವವರೊಬ್ಬರು ನಿಲ್ಲಲಿ. ಕುರುಡರಿಗಾಗಿ ವೇಷಭೂಷಣ, ಪ್ರವೇಶಗಳನ್ನು ಮೊದಲೇ ಹೇಳುವ ಏರ್ಪಾಡಿರಲಿ. ಇದು ನಮಗೆ ಹೊಸತೂ ಅಲ್ಲ. ದೊಡ್ಡಾಟದಲ್ಲಿ ವೇಷಧಾರಿ ಬಂದೊಡನೆ ಸಾರಥಿ ಅವನ ಹೆಸರು, ಊರು ವಿಚಾರಿಸುತ್ತಾನೆ. ಕಣ್ಣಿಲ್ಲದವನಿಗೂ ಬಂದವನು ಯಾರೆಂದು ತಿಳಿಯುತ್ತದೆ. ನಮ್ಮ ಹಿರಿಯರು ಅಕ್ಷರ ಬಾರದೆಯೂ ಕಂಡುಕೊಂಡ ಉಪಾಯವನ್ನು ಓದಿದ ಅಧಿಕಾರಿಗಳು ಮುಂದುವರಿಸಲಾರರೇ?

ಮೂರನೆಯದು, ಹೊತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ನಿಯಮವಿದೆ. ಹಬ್ಬ ಉತ್ಸವಗಳಿಗೆ ವರ್ಷದಲ್ಲಿ 15 ದಿನದ ಮಟ್ಟಿಗೆ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಇರಲಿ, ನಿದ್ದೆ ಮಾಡುವವನಿಗೂ ಹಕ್ಕಿದೆ. ಆದರೆ ಸಂಜೆ ಆರಕ್ಕೆ ಆಟ ಹೂಡಿದರೆ ಎರಡನೆಯ ಪಾಳಿಯವನು ಗಿರಣಿಯಲ್ಲಿರುತ್ತಾನೆ, ಅಂಗಡಿಯವನು ತಕ್ಕಡಿಯ ಮುಂದಿರುತ್ತಾನೆ. ಅದೇ ಆಟವನ್ನು ವಾರದ ರಜೆಯ ದಿನ ಬೆಳಿಗ್ಗೆ ಇನ್ನೊಮ್ಮೆ ಆಡಿಸಲಿ.

ನಾಲ್ಕನೆಯದು, ಹೆಂಗಸರು. ಶೌಚಾಲಯವಿಲ್ಲದ ಮೈದಾನಕ್ಕೆ ಮೂರು ತಾಸು ಬಂದು ಕೂರಿರೆಂದು ಕರೆಯುವುದು, ಬರಬೇಡಿರೆಂದು ಹೇಳಿದಂತೆಯೇ. ಶೌಚಾಲಯ, ಕುಡಿಯುವ ನೀರು, ದಾರಿದೀಪ, ಆಟ ಮುಗಿದ ಮೇಲೆ ಬಡಾವಣೆಗಳಿಗೆ ಬಸ್ಸು, ಇವು ಅಲಂಕಾರಗಳಲ್ಲ.

ಹಣವೆಲ್ಲಿ ಎಂದು ಕೇಳುವರು. ಸೋಫಾಗಳ ಬಾಡಿಗೆ, ಹಾರ ತುರಾಯಿ, ಶಾಲು, ಬೊಂಬಿನ ಬೇಲಿ, ಇವುಗಳ ಲೆಕ್ಕವನ್ನು ಮೊದಲು ಜನರ ಮುಂದಿಡಲಿ. ಆಮೇಲೆ ಸಾಲದೆಂದು ಕಂಡರೆ ನಾವೂ ಡಬ್ಬಿ ಹಿಡಿದು ಬೀದಿಗಿಳಿಯಲು ಸಿದ್ಧ. ಬೇಲಿ ಇಲ್ಲದಿದ್ದರೆ ನೂಕುನುಗ್ಗಲಾಗುವುದೆಂದೂ ಹೇಳುವರು. ದಾರಿ ತೋರಿಸಲು ನಮ್ಮ ಸಂಘದ ಸ್ವಯಂಸೇವಕರು ಬರುತ್ತಾರೆ.

ಮುಂದಿನ ಉತ್ಸವಕ್ಕೆ ಇನ್ನೂ ಕಾಲವಿದೆ. ನಗರಸಭೆಗೆ ಮನವಿ ಬರೆದಿದ್ದೇವೆ. ಗಿರಣಿ ಬಾಗಿಲಲ್ಲೂ ಸಂತೆಯಲ್ಲೂ ಸಹಿ ಕೇಳಲು ಬರುತ್ತೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಲಿ. ಮೊದಲ ಸಹಿಯನ್ನು ಆ ಹಿರಿಯರೇ ಹಾಕಿದ್ದಾರೆ. ಮುಂದಿನ ವರ್ಷ ಅವರು ಮೊದಲ ಸಾಲಿನಲ್ಲಿ ಕುಳಿತು ಭೀಮನ ಮಾತು ಕೇಳಬೇಕು. ಅಲ್ಲಿಯವರೆಗೆ ಈ ಮಾತನ್ನು ನಾವು ಬಿಡುವುದಿಲ್ಲ.