ಕಂಪನಿ ಮುಚ್ಚಿದರೆ ಹಾಡುಪಟ್ಟಿಯ ಗತಿಯೇನು?

2024ರ ಜನವರಿ 31ರಂದು ರೆಸ್ಸೋ ಸಂಗೀತ ಸೇವೆ ಭಾರತದಲ್ಲಿ ನಿಂತಿತು. ಅದೇ ಆಗಸ್ಟ್‌ನಲ್ಲಿ ಏರ್‌ಟೆಲ್ ಸಂಸ್ಥೆಯು ವಿಂಕ್ ಮ್ಯೂಸಿಕ್ ಸೇವೆಯನ್ನು ಮುಚ್ಚುವುದಾಗಿ ಪ್ರಕಟಿಸಿತು. ಇಂಥ ಸೇವೆ ಮುಚ್ಚಿದಾಗ ಅದರೊಳಗೆ ಇಳಿಸಿಕೊಂಡ ಹಾಡುಗಳೂ ಮೌನವಾಗುತ್ತವೆ. ಚಂದಾದಾರನು ತೆತ್ತಿದ್ದು ಬಾಡಿಗೆಯೇ ಹೊರತು ಕ್ರಯವಲ್ಲ.

ಹೊಸ ಸೇವೆಯನ್ನು ಆರಿಸುವಾಗ ಕೋಟಿಗಟ್ಟಲೆ ಹಾಡುಗಳ ಜಾಹೀರಾತು ನೆರವಾಗದು. ಶ್ರೀರಂಗಪಟ್ಟಣದ ಅಥವಾ ನಾಗಮಂಗಲದ ಕೇಳುಗನಿಗೆ ಒರೆಗಲ್ಲು ನೆರೆಯಲ್ಲೇ ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯ ಗೀತೆಗಳು ಮೆಚ್ಚಿನ ಗಾಯಕರ ಕಂಠದಲ್ಲೇ ಅಲ್ಲಿವೆಯೇ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಅವರ ರಚನೆಗಳು? ಧ್ವನಿಮುದ್ರಣದ ಹಕ್ಕು ಬೇರೆ ಬೇರೆ ಕಂಪನಿಗಳದಾದ್ದರಿಂದ ಒಂದೆಡೆ ಇರುವುದು ಇನ್ನೊಂದೆಡೆ ಇರಬೇಕಿಲ್ಲ. ಹಣ ಕಟ್ಟುವ ಮುನ್ನ ಹತ್ತು ಹಾಡುಗಳನ್ನು ಹುಡುಕಿ ನೋಡುವುದು, ಮೊದಲಿಗೆ ಮಾಸಿಕ ಚಂದಾವನ್ನಷ್ಟೇ ಕಟ್ಟುವುದು ವಿವೇಕ.

ಆದರೆ ಇದು ಕೇಳುಗನ ಜಾಣ್ಮೆಗೆ ಬಿಟ್ಟುಬಿಡುವ ವಿಷಯವಲ್ಲ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ. ವರ್ಷಗಳಿಂದ ಕೂಡಿಸಿದ ಹಾಡುಪಟ್ಟಿಗೆ ಅಂಥ ರಕ್ಷಣೆಯಿಲ್ಲ. 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ತನ್ನ ದತ್ತಾಂಶವನ್ನು ಬೇರೆಡೆಗೆ ಒಯ್ಯುವ ಹಕ್ಕಿತ್ತು. 2023ರ ಕಾಯ್ದೆಯಲ್ಲಿ ಅದನ್ನು ಕೈಬಿಡಲಾಯಿತು. ಅದನ್ನು ಮರಳಿ ಸೇರಿಸುವುದು ಸಂಸತ್ತಿನ ಹೊಣೆ. ಗ್ರಾಹಕನು ಬರಿಗೈಯಲ್ಲಿ ಹೊರಡಬೇಕಾದ ಮಾರುಕಟ್ಟೆಯಲ್ಲಿ ಸ್ಪರ್ಧೆಯೆಂಬುದು ಹೆಸರಿಗೆ ಮಾತ್ರ.