ಹೆಸರನ್ನೂ ಕೊಟ್ಟಾಯಿತು, ಇನ್ನೇನು ಕೊಡಬೇಕು?

ಐರೋಪ್ಯ ಒಕ್ಕೂಟಕ್ಕೆ ಹೊಸ ದೇಶಗಳನ್ನು ಸೇರಿಸಿಕೊಳ್ಳುವ ಮಾತು ಎದ್ದಾಗಲೆಲ್ಲ ಬ್ರಸೆಲ್ಸ್‌ನಿಂದ ಒಂದೇ ರಾಗ: ಎಲ್ಲವೂ ಅರ್ಹತೆಯ ಮೇಲೆ. ಇದಕ್ಕೆ ತಲೆದೂಗುವವರಿಗೆ ನಮ್ಮಲ್ಲೂ ಬರವಿಲ್ಲ. ಸಾರ್ಕ್ ಯಾಕೆ ಮೂಲೆಗೆ ಬಿತ್ತು ಎಂಬ ವಿಚಾರ ಸಂಕಿರಣ ನಡೆದರೆ ಸಾಕು, ಯಾರಾದರೊಬ್ಬರು ಎದ್ದು ನಿಂತು ‘ಯುರೋಪನ್ನು ನೋಡಿ ಕಲಿಯಿರಿ’ ಎಂದು ಅಪ್ಪಣೆ ಕೊಡಿಸುತ್ತಾರೆ. ಆಗಲಿ, ನೋಡೋಣ. ಒಳಗೆ ಬೆಚ್ಚಗೆ ಕೂತವರನ್ನು ನೋಡಿದ್ದು ಸಾಕು, ಬಾಗಿಲಲ್ಲಿ ನಿಂತವರನ್ನು ನೋಡೋಣ.

ಉತ್ತರ ಮ್ಯಾಸಿಡೋನಿಯಾ 20 ಲಕ್ಷ ಜನರೂ ಇಲ್ಲದ ಪುಟ್ಟ ದೇಶ. ಅದಕ್ಕೆ ಒಕ್ಕೂಟದ ಅಭ್ಯರ್ಥಿ ಎಂಬ ಪಟ್ಟ ಸಿಕ್ಕಿದ್ದು 2005ರಲ್ಲಿ. ಈ ಇಸವಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮತ್ತೆ ಹೇಳುವವನಿದ್ದೇನೆ.

ಮೊದಲು ಅಡ್ಡ ನಿಂತದ್ದು ಗ್ರೀಸ್. ಮ್ಯಾಸಿಡೋನಿಯಾ ಎಂಬುದು ನಮ್ಮ ಉತ್ತರದ ಪ್ರಾಂತ್ಯದ ಹೆಸರು, ಅದನ್ನು ನೀವು ಇಟ್ಟುಕೊಳ್ಳುವಂತಿಲ್ಲ ಎಂಬುದು ಅದರ ತಕರಾರು. ಗ್ರೀಸಿನ ಒತ್ತಡಕ್ಕೆ ಮ್ಯಾಸಿಡೋನಿಯಾದವರು ಬಾವುಟವನ್ನು 1995ರಲ್ಲೇ ಬದಲಿಸಿದ್ದರು. 2018ರಲ್ಲಿ ವಿಮಾನ ನಿಲ್ದಾಣಕ್ಕಿದ್ದ ಅಲೆಕ್ಸಾಂಡರನ ಹೆಸರು ತೆಗೆದರು, ಹೆದ್ದಾರಿಗಿದ್ದದ್ದನ್ನೂ ತೆಗೆದರು. ಅದೇ ವರ್ಷದ ಜೂನ್‌ನಲ್ಲಿ ಪ್ರೆಸ್ಪಾ ಸರೋವರದ ದಂಡೆಯಲ್ಲಿ ದೇಶದ ಹೆಸರನ್ನೇ ಬದಲಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಸೆಪ್ಟೆಂಬರ್‌ನಲ್ಲಿ ಜನಮತಗಣನೆ. ಆ ಮತಪತ್ರವನ್ನೊಮ್ಮೆ ನೋಡಬೇಕು: ಗ್ರೀಸ್ ಜೊತೆಗಿನ ಒಪ್ಪಂದವನ್ನು ಒಪ್ಪಿಕೊಂಡು ಐರೋಪ್ಯ ಒಕ್ಕೂಟ ಮತ್ತು ನೇಟೊ ಸೇರುವುದಕ್ಕೆ ನಿಮ್ಮ ಸಮ್ಮತಿಯಿದೆಯೇ ಎಂದು ಕೇಳಿದ್ದರು. ಹೊಸ ಹೆಸರು ಏನೆಂಬುದು ಮಾತ್ರ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಹೆಸರು ಹೋಗುವುದು ಜನರಿಗೆ ಕಾಣಬಾರದು, ಬ್ರಸೆಲ್ಸ್ ಮಾತ್ರ ಕಾಣಬೇಕು! ಮತ ಹಾಕಲು ಬಂದವರು ನೂರಕ್ಕೆ 40 ಮಂದಿಯೂ ಇಲ್ಲ. ಆದರೂ ಸಂಸತ್ತಿನಲ್ಲಿ ಹೇಗೋ ಬಹುಮತ ಕೂಡಿಸಿ 2019ರ ಫೆಬ್ರುವರಿಯಲ್ಲಿ ದೇಶ ‘ಉತ್ತರ’ವಾಯಿತು. ಗಡಿಯ ಬೋರ್ಡುಗಳನ್ನು ಕಳಚಿ ಹೊಸವನ್ನು ಹಾಕಿದರು. ಕಾರುಗಳ ಮೇಲಿದ್ದ ಎಂಕೆ ಹೋಗಿ ಎನ್‌ಎಂಕೆ ಬಂತು.

ಇಷ್ಟಕ್ಕೆ ಸಿಕ್ಕಿದ್ದೇನು? ಅದೇ ವರ್ಷದ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಅಧ್ಯಕ್ಷ ಮಾಕ್ರೋನ್ ಮಾತುಕತೆಯೇ ಆಗದು ಎಂದರು. ಸೇರ್ಪಡೆಯ ವಿಧಾನವನ್ನೇ ಮೊದಲು ಸುಧಾರಿಸಬೇಕಂತೆ. ಮಾತುಕತೆ ಶುರುಮಾಡಿ ಎಂದು ಒಕ್ಕೂಟದ ಆಯೋಗವೇ 2009ರಿಂದ ಶಿಫಾರಸು ಮಾಡುತ್ತಿತ್ತಲ್ಲ, ಅಷ್ಟು ವರ್ಷ ಈ ಜ್ಞಾನೋದಯ ಎಲ್ಲಿ ಅಡಗಿತ್ತೋ!

ಫ್ರಾನ್ಸ್ ಸಮಾಧಾನಗೊಂಡಿತು ಎನ್ನುವಷ್ಟರಲ್ಲಿ, 2020ರ ನವೆಂಬರ್‌ನಲ್ಲಿ, ಬಲ್ಗೇರಿಯಾ ಎದ್ದಿತು. ನಿಮ್ಮದು ಭಾಷೆಯೇ ಅಲ್ಲ, ನಮ್ಮ ಬಲ್ಗೇರಿಯನ್ನಿನ ಒಂದು ಬಗೆ. ನೀವು ಪೂಜಿಸುವ ಕ್ರಾಂತಿಕಾರಿ ಗೋತ್ಸೆ ದೆಲ್ಚೆವ್ ನಮ್ಮವನು, ಒಪ್ಪಿಕೊಂಡರೆ ಮುಂದಿನ ಮಾತು ಎಂದಿತು. 2025ರಲ್ಲಿ ಕಮಲ್ ಹಾಸನ್ ಚೆನ್ನೈನ ವೇದಿಕೆಯಲ್ಲಿ ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದಾಗ ನಾವು ಹೇಗೆ ಕುದ್ದುಹೋದೆವು ಎಂಬುದನ್ನು ಯಾರೂ ಮರೆತಿಲ್ಲ, ಅವರ ಸಿನಿಮಾ ಇಲ್ಲಿ ತೆರೆ ಕಾಣಲಿಲ್ಲ. ಅದು ಒಬ್ಬ ನಟ ಆಡಿದ ಮಾತು. ಅಲ್ಲಿ ಒಂದು ಸರ್ಕಾರವೇ ಆ ಮಾತಾಡಿ, ಒಪ್ಪಿದರಷ್ಟೇ ಬಾಗಿಲು ತೆಗೆಯುತ್ತೇನೆ ಎನ್ನುತ್ತದೆ. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾರುಕಟ್ಟೆ ಎಂದೆಲ್ಲ 1993ರಲ್ಲಿ ಕೋಪನ್‌ಹೇಗನ್‌ನಲ್ಲಿ ಕೂತು ಬರೆದ ಅರ್ಹತೆಗಳಲ್ಲಿ ಪಕ್ಕದ ಮನೆಯವರ ಇತಿಹಾಸವನ್ನು ಬಾಯಿಪಾಠ ಮಾಡಬೇಕು ಎಂಬುದು ಯಾವ ಸಾಲಿನಲ್ಲಿದೆ?

2022ರಲ್ಲಿ ಫ್ರಾನ್ಸ್ ರಾಜಿ ಸೂತ್ರ ತಂದಿತು. ರಾಜಿ ಎಂದರೆ ಬಲ್ಗೇರಿಯಾ ಕೇಳಿದ್ದನ್ನು ಒಕ್ಕೂಟದ ಷರತ್ತಿನಲ್ಲೇ ಸೇರಿಸುವುದು! ಜನಗಣತಿಯಲ್ಲಿ ಸುಮಾರು 3,500 ಮಂದಿ ಇರುವ ಬಲ್ಗೇರಿಯನ್ನರ ಹೆಸರನ್ನು ಸಂವಿಧಾನದಲ್ಲಿ ಬರೆಯಬೇಕು. ಅದಕ್ಕೆ 120 ಸದಸ್ಯರ ಸಂಸತ್ತಿನಲ್ಲಿ ಮೂರನೇ ಎರಡು ಬಹುಮತ ಬೇಕು. ಇದು ಕೈಗೂಡದ ಕೆಲಸ ಎಂದು ಎಲ್ಲರಿಗೂ ಗೊತ್ತು, ಷರತ್ತು ಹಾಕಿದವರಿಗೆ ಇನ್ನೂ ಚೆನ್ನಾಗಿ ಗೊತ್ತು.

ಅದೇ 2022ರಲ್ಲಿ ಉಕ್ರೇನ್ ಫೆಬ್ರುವರಿ 28ಕ್ಕೆ ಅರ್ಜಿ ಹಾಕಿತು, ಜೂನ್ 23ಕ್ಕೆ ಅಭ್ಯರ್ಥಿಯಾಯಿತು. ನಾಲ್ಕು ತಿಂಗಳೂ ಇಲ್ಲ. ಬಾಂಬು ಬೀಳುತ್ತಿರುವ ದೇಶಕ್ಕೆ ಆ ಪಟ್ಟ ಕೊಡಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದು ರಾಜಕೀಯ ತೀರ್ಮಾನ. ಹಾಗೆಂದು ಹೇಳುವ ಎದೆಗಾರಿಕೆಯಾದರೂ ಇರಲಿ. 2005ರಿಂದ ನಿಂತವರ ಮುಂದೆ ಅರ್ಹತೆಯ ಪುರಾಣ ಬಿಚ್ಚಬೇಡಿ.

ಆ ಉಕ್ರೇನಿನ ಕತೆಯೂ ಮುಂದೆ ಹೇಗೆ ನಡೆಯಿತು? 2023ರ ಡಿಸೆಂಬರ್ 14ರಂದು ಮಾತುಕತೆ ಆರಂಭಿಸುವ ತೀರ್ಮಾನವಾಗಬೇಕು, 27 ದೇಶಗಳೂ ಒಪ್ಪಬೇಕು. ಹಂಗರಿಯ ಆಗಿನ ಪ್ರಧಾನಿ ವಿಕ್ಟರ್ ಒರ್ಬಾನ್ ಸುತರಾಂ ಒಪ್ಪುವುದಿಲ್ಲ. ಕೊನೆಗೆ ಅವರು ಎದ್ದು ಹೊರಗೆ ಹೋದರು, ಉಳಿದ 26 ಮಂದಿ ತೀರ್ಮಾನ ಮಾಡಿಕೊಂಡರು. ಹಿಂದಿನ ದಿನವಷ್ಟೇ ಹಂಗರಿಗೆ ತಡೆಹಿಡಿದಿದ್ದ ಹಣದಲ್ಲಿ ಸುಮಾರು 1,000 ಕೋಟಿ ಯೂರೋಗಳ ಗಂಟು ಬಿಚ್ಚಿತ್ತು. ಕಾಕತಾಳೀಯ ಇರಬೇಕು, ಬಿಡಿ. ಕಾನೂನಿನ ಆಳ್ವಿಕೆ ಕೆಟ್ಟಿದೆ ಎಂದು ಯುರೋಪಿನ ಸಂಸತ್ತೇ 2018ರಲ್ಲಿ ಯಾರ ಮೇಲೆ ಕ್ರಮ ಆರಂಭಿಸಿತ್ತೋ ಅವರೇ ಇನ್ನೊಬ್ಬರ ಅರ್ಹತೆ ಅಳೆಯುವ ಪರೀಕ್ಷಕರು!

ಇನ್ನು ಹಣದ ಗೋಳು. ಬಡ ದೇಶಗಳು ಬಂದರೆ ಬೊಕ್ಕಸ ಬರಿದಾಗುತ್ತದಂತೆ. ಒಕ್ಕೂಟದ ಬಜೆಟ್ಟಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಕೃಷಿಗೆ ಹೋಗುತ್ತದೆ. ಉಕ್ರೇನಿನ ಗೋಧಿ ಹೊಲ ಕಂಡರೆ ಭಯವಾಗದೆ ಇನ್ನೇನು? 2023ರ ಏಪ್ರಿಲ್‌ನಲ್ಲಿ ಅದರ ಧಾನ್ಯವನ್ನು ಗಡಿಯಲ್ಲಿ ತಡೆದವರು ಪೋಲೆಂಡ್, ಹಂಗರಿ, ಸ್ಲೊವಾಕಿಯಾದವರು, ಮೂವರೂ 2004ರಲ್ಲಿ ಇದೇ ಬಾಗಿಲಿಂದ ಒಳಬಂದವರು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಮಂಡ್ಯದ ಭತ್ತಕ್ಕೋ ಪಂಜಾಬಿನ ಗೋಧಿಗೋ ಕೊಡುವ ಬೆಂಬಲ ಬೆಲೆಯನ್ನು ಮಾರುಕಟ್ಟೆ ಕೆಡಿಸುವ ಪಾಪ ಎನ್ನುವ ಶ್ರೀಮಂತರ ಸಾಲಿನಲ್ಲಿ ಈ ಯುರೋಪೂ ಇದೆ. ತಮ್ಮ ರೈತನಿಗೆ ಕೊಟ್ಟರೆ ಅದು ಗ್ರಾಮೀಣ ಪರಂಪರೆಯ ರಕ್ಷಣೆ, ನಮ್ಮ ರೈತನಿಗೆ ಕೊಟ್ಟರೆ ಅಕ್ರಮ. ಈ ನಾಲಿಗೆಯಿಂದ ಅರ್ಹತೆಯ ಪಾಠ ಕೇಳುವಾಗ ಮೈ ಉರಿಯುತ್ತದೆ.

ಬೊಕ್ಕಸದ ಮಾತಿಗೆ ಉತ್ತರ ಇವರ ಮನೆಯೊಳಗೇ ಇದೆ. ಪೋಲೆಂಡ್ ಸೇರಿದಾಗಲೂ ಪ್ಯಾರಿಸ್ಸಿನಲ್ಲಿ ಪೋಲಿಷ್ ಪ್ಲಂಬರ್ ಬಂದು ನಮ್ಮ ಕೆಲಸ ಕಸಿಯುತ್ತಾನೆ ಎಂದು ಎದೆ ಬಡಿದುಕೊಂಡರು. ಖರೀದಿ ಶಕ್ತಿಯ ಲೆಕ್ಕದಲ್ಲಿ ಆಗ ಆ ದೇಶದ ತಲಾ ಆದಾಯ ಒಕ್ಕೂಟದ ಸರಾಸರಿಯ ಅರ್ಧದ ಆಸುಪಾಸು ಇತ್ತು, ಈಗ ನೂರಕ್ಕೆ 80ರ ಸಮೀಪ. ಅಲ್ಲಿ ಮಾರಾಟವಾಗುವ ಜರ್ಮನ್ ಯಂತ್ರ, ಫ್ರೆಂಚ್ ಕಾರುಗಳ ಲಾಭ ಯಾರ ಬೊಕ್ಕಸಕ್ಕೆ ಹೋಯಿತು? ಅದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮಾತುಕತೆಯ ಪ್ರತಿ ಹಂತಕ್ಕೂ ಎಲ್ಲ 27 ಕೈಗಳು ಏಳಬೇಕು ಎಂಬ ನಿಯಮ ಹೋಗಬೇಕು. ಕೊನೆಯ ಸೇರ್ಪಡೆಗೆ ಸರ್ವಾನುಮತ ಇರಲಿ, ನಡುವಿನ ಮೆಟ್ಟಿಲುಗಳಿಗೆ ವಿಶೇಷ ಬಹುಮತ ಸಾಕು ಎಂದು ಜರ್ಮನಿ, ಸ್ಲೊವೇನಿಯಾಗಳೇ ಹೇಳಿವೆ. ಆದರೆ ಅದಕ್ಕೂ ಎಲ್ಲರೂ ಒಪ್ಪಬೇಕು! ಕೈಯಲ್ಲಿರುವ ವೀಟೊವನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು?

ಅದುವರೆಗೆ ಉತ್ತರ ಮ್ಯಾಸಿಡೋನಿಯಾದ ಜೊತೆಗೇ ಕಾಯಿಸಿದ್ದ ಅಲ್ಬೇನಿಯಾವನ್ನು 2024ರಲ್ಲಿ ಬೇರ್ಪಡಿಸಿ ಮುಂದಕ್ಕೆ ಕರೆದುಕೊಂಡರು. ಉತ್ತರ ಮ್ಯಾಸಿಡೋನಿಯಾ ಅಲ್ಲೇ ಉಳಿಯಿತು. ಆ ವರ್ಷ ಚುನಾವಣೆ ಗೆದ್ದ ರಾಷ್ಟ್ರವಾದಿಗಳ ಹೊಸ ಅಧ್ಯಕ್ಷೆ ಪ್ರಮಾಣವಚನ ಸ್ವೀಕರಿಸುವಾಗ ‘ಉತ್ತರ’ ಬಿಟ್ಟು ಬರೀ ಮ್ಯಾಸಿಡೋನಿಯಾ ಎಂದರು, ಗ್ರೀಸಿನ ರಾಯಭಾರಿ ಸಭೆಯಿಂದ ಎದ್ದುಹೋದರು. ಬ್ರಸೆಲ್ಸ್ ಬೇಸರ ವ್ಯಕ್ತಪಡಿಸಿತು. ಅಷ್ಟೆಲ್ಲ ತ್ಯಾಗ ಮಾಡಿಸಿ, ಕೊನೆಗೆ ರಾಷ್ಟ್ರವಾದಿಗಳನ್ನೇ ಗೆಲ್ಲಿಸಿಕೊಟ್ಟವರು ತಾವೇ ಎಂಬುದು ಅದರ ಹೇಳಿಕೆಯಲ್ಲಿ ಇರಲಿಲ್ಲ. ಸಂವಿಧಾನ ತಿದ್ದುಪಡಿಯೇ ಕಟ್ಟಕಡೆಯ ಷರತ್ತು ಎಂದು ಬರೆದುಕೊಡಿ ಎಂಬುದು ರಾಜಧಾನಿ ಸ್ಕೋಪ್ಯೆಯ ಈಗಿನ ಸರ್ಕಾರದ ಬೇಡಿಕೆ. 2005ರಿಂದ ಕಾದವರಿಗೆ ಅಷ್ಟು ಬರೆದುಕೊಡಲು 27 ಸರ್ಕಾರಗಳಿಗೆ ಒಂದು ಹಾಳೆ ಸಾಲದೆ?