ಸ್ಟೇಷನ್ ಕೆಡವುವ ಮುಂಚೆ ನಕ್ಷೆ ಊರಿಗೆ ಕೊಡಿ

ಹಳೇ ರೈಲ್ವೆ ಸ್ಟೇಷನ್ ಕೆಡವುವುದೇ ಆದರೆ, ಅದರ ನಕ್ಷೆಯ ಒಂದು ನಕಲನ್ನು ಮೊದಲು ಆ ಊರಿನ ಶಾಲೆಗೆ ಕೊಡಬೇಕು. ಮಕ್ಕಳು ಅದನ್ನು ನೋಡಿ ರಟ್ಟಿನಲ್ಲಿ ಪುಟ್ಟ ಸ್ಟೇಷನ್ ಕಟ್ಟಬೇಕು. ಆಟದಂತೆ ಕಂಡರೂ ಇದು ಊರಿನ ನೆನಪು ಉಳಿಸುವ ಕೆಲಸ.

ನಾನಿರುವ ಬಾಪೂಜಿ ನಗರದ ಹತ್ತಿರವೇ ನಾಯಂಡಹಳ್ಳಿ, ಅದರಾಚೆ ಕೆಂಗೇರಿ. ಮೈಸೂರು ರೈಲು ಹೋಗುವ ದಾರಿ ಇದು. ಈ ಮಾರ್ಗದ ಕೆಲಸ ನಡೆದದ್ದು 1876–78ರ ಧಾತು-ಈಶ್ವರ ಬರದಲ್ಲಿ ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಮಣ್ಣು ಹೊತ್ತವರ ಹೆಸರು ನಮಗೆ ಗೊತ್ತಿಲ್ಲ. ಅವರು ಹಾಕಿದ ಮೀಟರ್ ಗೇಜ್ ಹಳಿಯೂ ಹೋಗಿ ಬ್ರಾಡ್ ಗೇಜ್ ಬಂದಿದೆ. ಇನ್ನು ಉಳಿದಿರುವುದು ಅಲ್ಲೊಂದು ಇಲ್ಲೊಂದು ಹಳೇ ಕಟ್ಟಡ ಮಾತ್ರ.

ಎಂಜಿನ್, ಬೋಗಿ ನೋಡಲು ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ. ಆದರೆ ಊರೂರಿನ ಸ್ಟೇಷನ್ನುಗಳನ್ನು ಹಾಗೆ ಎತ್ತಿಕೊಂಡು ಹೋಗಿ ಇಡಲಾಗದು.

‘ಮೊಬೈಲಿನಲ್ಲಿ ಫೋಟೊ ಹೊಡೆದರೆ ಸಾಲದೇ?’ ಎಂದು ಕೇಳಬಹುದು. ಸಾಲದು. ಫೋಟೊದಲ್ಲಿ ಎದುರಿನ ಗೋಡೆ ಕಾಣುತ್ತದೆ. ಗೋಡೆಯ ದಪ್ಪ, ಒಳಗಿನ ಕೋಣೆ, ಮಾಡಿನ ಇಳಿಜಾರು ಕಾಣುವುದಿಲ್ಲ. ನಕ್ಷೆ ಅದನ್ನೆಲ್ಲ ಹೇಳುತ್ತದೆ. ಟಿಕೆಟ್ ಕಿಟಕಿ ಎಷ್ಟು ಎತ್ತರದಲ್ಲಿತ್ತು, ಜನ ಎಲ್ಲಿ ಕಾಯುತ್ತಿದ್ದರು ಎಂಬುದೂ ತಿಳಿಯುತ್ತದೆ.

ಬೆಂಗಳೂರಿನ ಉತ್ತರಕ್ಕಿರುವ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗವನ್ನೇ ನೋಡಿ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳಲ್ಲಿ ನ್ಯಾರೋ ಗೇಜ್ ಕಾಲದ ಕಟ್ಟಡಗಳಿವೆ. ಪಾಳು ಬಿದ್ದಿದ್ದ ಈ ಕಟ್ಟಡಗಳನ್ನು ಉಳಿಸಲು ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಮುಂದೆ ಬಂತು. ಎಲ್ಲ ಊರಿಗೂ ಅಂಥ ಅದೃಷ್ಟ ಇರುವುದಿಲ್ಲ. ಕಟ್ಟಡ ಉಳಿಯದಿದ್ದರೂ ಅದರ ಅಳತೆಯಾದರೂ ಉಳಿಯಲಿ.

ಮಾದರಿ ಮಾಡುವ ಲೆಕ್ಕ ಏಳನೇ ಕ್ಲಾಸಿನ ಮಕ್ಕಳಿಗೂ ಬರುತ್ತದೆ. ಪುಟ್ಟ ರೈಲು ಮಾಡುವ ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಎಂಬ ಅಳತೆ. ಅಂದರೆ ನಿಜವಾದ ಒಂದು ಅಡಿಗೆ 3.5 ಮಿಲಿಮೀಟರ್. ಹಳೇ ನಕ್ಷೆಗಳು ಅಡಿ-ಅಂಗುಲದಲ್ಲೇ ಇರುವುದರಿಂದ ಲೆಕ್ಕ ಸಲೀಸು. 40 ಅಡಿ ಉದ್ದದ ಸ್ಟೇಷನ್ 14 ಸೆಂಟಿಮೀಟರ್ ಆಗುತ್ತದೆ. 7 ಅಡಿಯ ಬಾಗಿಲು ಎರಡೂವರೆ ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಹಳಿ ಸುಮಾರು 9 ಮಿಲಿಮೀಟರ್.

ಒಂದು ಎಚ್ಚರಿಕೆ. ನಕ್ಷೆಯಲ್ಲಿ ಇದ್ದದ್ದೆಲ್ಲ ನೆಲದ ಮೇಲೆ ಇರಲೇಬೇಕೆಂದಿಲ್ಲ. ಕಟ್ಟುವಾಗ ಮೇಸ್ತ್ರಿ ಕಿಟಕಿ ಸರಿಸಿರಬಹುದು, ಆಮೇಲೆ ಯಾರೋ ಜಗಲಿ ಮುಚ್ಚಿ ಕೋಣೆ ಮಾಡಿರಬಹುದು. ಆದ್ದರಿಂದ ನಕ್ಷೆಯ ಜೊತೆಗೆ ಹಳೇ ಫೋಟೊ ಬೇಕು, ಊರಿನ ಹಿರಿಯರ ಮಾತೂ ಬೇಕು. ‘ಇಲ್ಲಿ ನೀರಿನ ತೊಟ್ಟಿ ಇತ್ತು ಕಣಪ್ಪಾ’ ಎಂದು ಅಜ್ಜ ಹೇಳಿದ್ದನ್ನು ಮೊಮ್ಮಗಳು ನಕ್ಷೆಯಲ್ಲಿ ಹುಡುಕಿ ನೋಡುವುದಿದೆಯಲ್ಲ, ಅದೇ ನಿಜವಾದ ಇತಿಹಾಸದ ಪಾಠ.

ಇದು ದುಡ್ಡಿದ್ದವರ ಶೋಕಿ ಅನ್ನುವವರಿದ್ದಾರೆ. ಓಡುವ ಪುಟ್ಟ ಎಂಜಿನ್ನಿಗೆ ದುಡ್ಡು ಬೇಕು, ನಿಜ. ಆದರೆ ಕಟ್ಟಡಕ್ಕೆ ಬೇಕಾದದ್ದು ರಟ್ಟು, ಅಂಟು, ಬ್ಲೇಡು, ಸ್ಕೇಲು. ಲಗ್ನಪತ್ರಿಕೆಯ ದಪ್ಪ ಕಾಗದ ಗೋಡೆಗೆ ಸಾಕು, ಸುಕ್ಕುಸುಕ್ಕಾದ ಪೆಟ್ಟಿಗೆ ರಟ್ಟು ಹಂಚಿನ ಮಾಡಿಗೆ ಸಾಕು.

2023ರಲ್ಲಿ ಅಮೃತ್ ಭಾರತ್ ಯೋಜನೆಯಡಿ ದೇಶದ 508 ಸ್ಟೇಷನ್ನುಗಳ ಹೊಸ ಕೆಲಸಕ್ಕೆ ಒಂದೇ ದಿನ ಶಂಕುಸ್ಥಾಪನೆ ಆಯಿತು. ಹೊಸ ಸ್ಟೇಷನ್ ಬರಲಿ. ಕುಂತು ಕಾಯಲು ನೆರಳು, ಶೌಚಾಲಯ ಯಾರಿಗೆ ಬೇಡ? ಆದರೆ ಕೆಲಸದ ಟೆಂಡರಿನಲ್ಲೇ ಒಂದು ಷರತ್ತು ಸೇರಿಸಲಿ: ಹಳೇ ಕಟ್ಟಡವನ್ನು ಅಳೆದು, ನಕ್ಷೆ ಬರೆದು, ಪಂಚಾಯ್ತಿಗೂ ಶಾಲೆಗೂ ಒಂದೊಂದು ಪ್ರತಿ ಕೊಡಬೇಕು. ಕೋಟಿಗಟ್ಟಲೆ ಕಾಮಗಾರಿಯಲ್ಲಿ ಇದು ಚಿಲ್ಲರೆ ಖರ್ಚು.

ಷರತ್ತು ಬರುವವರೆಗೂ ಕಾಯಬೇಡಿ. ನಿಮ್ಮೂರಿನ ಸ್ಟೇಷನ್ ಮಾಸ್ತರರನ್ನು ಕೇಳಿ, ಒಪ್ಪಿಗೆ ಪಡೆದು, ಹಳಿಗೆ ಇಳಿಯದೆ ಟೇಪು ಹಿಡಿಯಿರಿ. ಟೇಪು ಮುಟ್ಟದ ಎತ್ತರಕ್ಕೆ, ಅಡಿ ಗುರುತು ಹಾಕಿದ ಕೋಲನ್ನು ಗೋಡೆಗೆ ಆನಿಸಿ ನೇರ ಎದುರಿನಿಂದ ಫೋಟೊ ತೆಗೆಯಿರಿ. ಕೋಲಿನ ಲೆಕ್ಕದಲ್ಲಿ ಉಳಿದದ್ದು ಸಿಗುತ್ತದೆ. ಸ್ಟೇಷನ್ ಇಲ್ಲದ ಊರಾದರೆ ಹಳೇ ಶಾಲೆ, ಛತ್ರ, ಚಾವಡಿ ಅಳೆಯಿರಿ. ಅಳತೆ ಬರೆದಿಡುವುದು ಒಂದು ಭಾನುವಾರದ ಕೆಲಸ. ಜೆಸಿಬಿ ಬಂದ ಮೇಲೆ ಆ ಭಾನುವಾರ ಸಿಗುವುದಿಲ್ಲ.